ಅಂತೆಯಿಲ್ಲದ ಹುಟ್ಟು

ನಾನು ಹುಟ್ಟಿದ್ದು ಒಂದು ಬುಧವಾರ ಬೆಳಿಗ್ಗೆಯಂತೆ. ಈ ಮಾತಿನ ಕೊನೆಯ ಎರಡಕ್ಷರ ಬಿಟ್ಟು ಹೇಳಹೋದರೆ ನಮ್ಮೂರಿನಲ್ಲಿ ಬಾಯಿ ಆಡುತ್ತದೆ, ದನಿ ಬರುವುದಿಲ್ಲ. ಅದಕ್ಕೆ ಮಾತು ಮುಳುಗಿತು ಎನ್ನುತ್ತಾರೆ. ಕಣ್ಣಾರೆ ಕಂಡದ್ದನ್ನು, ಕೈಯಾರೆ ಮಾಡಿದ್ದನ್ನು, ತನ್ನ ಮೈಗೆ ಆದದ್ದನ್ನು ಯಾರು ಬೇಕಾದರೂ ನೇರವಾಗಿ ಹೇಳಬಹುದು. ಉಳಿದದ್ದಕ್ಕೆಲ್ಲ ಬಾಲ ಬೇಕು. ತನ್ನ ಹುಟ್ಟನ್ನು ತಾನೇ ನಿಂತು ನೋಡಿದವರು ಯಾರೂ ಇಲ್ಲದ್ದರಿಂದ, ಆ ಒಂದು ವಿಷಯದಲ್ಲಿ ಮಾತ್ರ ಊರಿನ ಹಿರಿಯರೂ ಕಿರಿಯರೂ ಒಂದೇ ಸಾಲಿನಲ್ಲಿ ಕೂತಿದ್ದೆವು.

ಶಾಲೆಯಲ್ಲಿ ಶಿವನಂಜ ಮೇಷ್ಟ್ರು ಭೂಮಿ ದುಂಡಗಿದೆಯಂತೆ, ಸೂರ್ಯನ ಸುತ್ತ ತಿರುಗುತ್ತದಂತೆ ಎಂದು ಪಾಠ ಮಾಡುತ್ತಿದ್ದರು. ಎರಡೆರಡು ನಾಲ್ಕು ಎಂಬುದನ್ನು ಮಾತ್ರ ಹುಣಸೆಬೀಜ ಜೋಡಿಸಿ ತೋರಿಸಿ ಆಮೇಲೆ ಗಟ್ಟಿಯಾಗಿ ಹೇಳಿಸುತ್ತಿದ್ದರು. ನಮಗೆಲ್ಲ ಗಣಿತದ ಮೇಲೆ ಪ್ರೀತಿ ಹುಟ್ಟಿದ್ದೇ ಹಾಗೆ. ಸಂತೆಯಲ್ಲಿ ಸೌತೆಕಾಯಿ ಮಾರುವ ಮುದ್ದಪ್ಪ ಪ್ರತಿ ಕಾಯಿಯ ತುದಿ ಕೊಯ್ದು ನೆಕ್ಕಿಯೇ ಕಹಿ ಇಲ್ಲ ಎನ್ನುತ್ತಿದ್ದ. ಸಂಜೆಯ ಹೊತ್ತಿಗೆ ಅವನ ನಾಲಗೆ ಜೋಮು ಹಿಡಿದು ಸಾರಿಗೆ ಉಪ್ಪು ಹಾಕಿದ್ದೂ ತಿಳಿಯುತ್ತಿರಲಿಲ್ಲವಂತೆ. ಗಂಡ ಹೆಂಡಿರ ಜಗಳಗಳು ಬೇಗ ಮುಗಿಯುತ್ತಿದ್ದವು. ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತು ಎಂದು ಕೂಗಹೊರಟವರು ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ, ಕೊನೆಗೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಯಾರದೇ ಮಾತು ಮುಳುಗಿದರೂ ಎದುರಿಗಿದ್ದವರು ಮುಖ ಬೇರೆ ಕಡೆ ತಿರುಗಿಸಬೇಕು. ಅದು ನಮ್ಮಲ್ಲಿ ಮರ್ಯಾದೆ.

ನಾನು ಏಳು ವರ್ಷದವಳಿದ್ದಾಗ ಹೊರಗಿನ ನಾಟಕ ಕಂಪನಿಯೊಂದು ಲಾಂಚಿನಲ್ಲಿ ಬಂದಿಳಿಯಿತು. ಪರದೆ ಮೇಲೇರಿತು. ಕಿರೀಟ ತೊಟ್ಟವನೊಬ್ಬ ಮುಂದೆ ಬಂದು ಎದೆಯುಬ್ಬಿಸಿ, ನಾನು ಈ ನಾಡಿನ ಅರಸ ಎಂದ. ಅವನ ತುಟಿಯಲ್ಲಿ ಕಂಡದ್ದು ಅಷ್ಟೇ, ಕಿವಿಗೆ ಬಿದ್ದದ್ದು ಹಾರ್ಮೋನಿಯಂ ಒಂದೇ. ಇಡೀ ಊರು ಮರ್ಯಾದೆಯಿಂದ ಮುಖ ತಿರುಗಿಸಿತು. ಮೂರನೆಯ ದಿನ ಅವರು ಹೇಗೋ ದಾರಿ ಕಂಡುಕೊಂಡು, ನಾನು ಅರಸನಂತೆ, ಇವಳು ನನ್ನ ರಾಣಿಯಂತೆ, ಇವಳೀಗ ಸತ್ತಳಂತೆ ಎಂದು ಆಡಿ ಮುಗಿಸಿದರು. ನಾವು ಬಿದ್ದು ಬಿದ್ದು ನಕ್ಕೆವು. ಅದು ದುಃಖದ ನಾಟಕವಂತೆ.

ಕಾಗದವನ್ನು ನಮ್ಮವರು ನಂಬುವುದಿಲ್ಲ. ಕಾಗದಕ್ಕೆ ದನಿಯಿಲ್ಲ, ಆದ್ದರಿಂದ ಅದು ಮುಳುಗುವುದೂ ಇಲ್ಲ, ಮುಳುಗಲು ಬಾರದ್ದನ್ನು ಹೇಗೆ ನಂಬುವುದು ಎಂಬುದು ಅವರ ವಾದ. ಹಾಗಾಗಿ ಊರಿಗೆ ಬೇಕಾದ ಸಂಗತಿಗಳನ್ನೆಲ್ಲ ಹೊಳೆಯ ಮೆಟ್ಟಿಲ ಮೇಲಿನ ಕಲ್ಲುಕಟ್ಟೆ ಹತ್ತಿ, ಬಾಲವಿಲ್ಲದೆ ಗಟ್ಟಿಯಾಗಿ ಹೇಳಬೇಕು. ಅವುಗಳಲ್ಲೆಲ್ಲ ದೊಡ್ಡದು ಹುಟ್ಟಿನ ಸಾಕ್ಷಿ. ಹುಟ್ಟಿದ ಮೇಲೆ ಇಪ್ಪತ್ತೊಂದನೆಯ ಯುಗಾದಿ ಬರುವುದರೊಳಗೆ ಯಾರಾದರೂ ಒಬ್ಬರು ಕಟ್ಟೆಯ ಮೇಲೆ ‘ಇವಳು ಈ ಊರಲ್ಲಿ ಹುಟ್ಟಿದಳು, ನಾನು ಕಂಡೆ’ ಎನ್ನಬೇಕು. ಅದಕ್ಕೆ ನಿಲ್ಲಿಸುವುದು ಎನ್ನುತ್ತಾರೆ. ನಿಲ್ಲಿಸುವವರು ಇಲ್ಲದವರು ಲಾಂಚು ಹತ್ತಿ ಕೆಳಗಿನ ಊರುಗಳಿಗೆ ಹೋಗಿಬಿಡಬೇಕು. ಹಾಗೆ ಹೋದ ಇಬ್ಬರನ್ನು ನಾನೇ ಕಂಡಿದ್ದೇನೆ. ಒಬ್ಬಳು ಹೋಗುವಾಗ ತನ್ನ ಮನೆಯ ಒಲೆಯ ಮೂರು ಕಲ್ಲುಗಳಲ್ಲಿ ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಇಂಥ ಗತಿ ಬಾರದಿರಲೆಂದೇ ಹೆರಿಗೆಯ ಕೋಣೆಯಲ್ಲಿ ಕನಿಷ್ಠ ಮೂವರು ಇರುವಂತೆ ನೋಡಿಕೊಳ್ಳುತ್ತಾರೆ. ನನ್ನ ಹುಟ್ಟಿನಲ್ಲೂ ಮೂವರಿದ್ದರಂತೆ: ಅಮ್ಮ, ಸೂಲಗಿತ್ತಿ ಪುಟ್ಟನಂಜಮ್ಮ, ಅಮ್ಮನ ಅಕ್ಕ ಚಿಕ್ಕತಾಯಮ್ಮ. ಅಪ್ಪ ಅದಕ್ಕೂ ಮೊದಲೇ ಲಾಂಚಿನ ಕೆಲಸಕ್ಕೆಂದು ಹೋದವನು ಮರಳಲಿಲ್ಲವಂತೆ. ಅಮ್ಮ ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಳು. ಆಗಲೂ ಯಾರೂ ಗಾಬರಿಯಾಗಲಿಲ್ಲ, ಪುಟ್ಟನಂಜಮ್ಮ ಗಟ್ಟಿಮುಟ್ಟಾಗಿದ್ದರು. ನನ್ನ ಯುಗಾದಿಗೆ ಇನ್ನು ನಾಲ್ಕು ತಿಂಗಳಿದೆ ಎನ್ನುವಾಗ ಒಂದು ದಿನ ಅವರು ನನ್ನನ್ನು ದಾರಿಯಲ್ಲಿ ತಡೆದು, ನಿನ್ನ ನಿಲ್ಲಿಸದೆ ನಾನು ಸಾಯಲ್ಲ ಕಣೇ ಕುಮುದ ಎಂದರು. ದನಿಯಿರಲಿಲ್ಲ, ತುಟಿಯಲ್ಲಿ ಓದಿಕೊಂಡೆ. ನಾಳೆಯನ್ನು ಕಂಡವರಿಲ್ಲವಲ್ಲ. ಮಳೆ ಬಂದೀತು, ಕಾಯಿಲೆ ವಾಸಿಯಾದೀತು ಎಂದರೆ ದನಿ ಬರುತ್ತದೆ, ಬರುತ್ತದೆ ಎಂದರೆ ಬರುವುದಿಲ್ಲ. ಅದಕ್ಕೇ ನಮ್ಮೂರಿನಲ್ಲಿ ಆಣೆ ಭಾಷೆಗಳೆಲ್ಲ ತುಟಿಯ ಮೇಲೆಯೇ. ಆ ವಾರವೇ ಪುಟ್ಟನಂಜಮ್ಮ ಬಾವಿಯ ಬಳಿ ಬಿಂದಿಗೆ ಇಳಿಸಿ, ಕೂತಲ್ಲೇ ಪ್ರಾಣ ಬಿಟ್ಟರು. ಬಾಯಿದ್ದ ಇಬ್ಬರು ಹೋದರು, ಬಾಯಿಲ್ಲದವಳು ಉಳಿದಳು ಎಂದು ಊರು ಲೊಚಗುಟ್ಟಿತು.

ಬಾಯಿಲ್ಲದವಳೆಂದರೆ ದೊಡ್ಡಮ್ಮ. ದೊಡ್ಡಮ್ಮನಾದವಳ ಹೆಸರು ಚಿಕ್ಕತಾಯಮ್ಮ ಎಂಬುದು ನಮ್ಮ ಮನೆಯ ಹಳೆಯ ನಗೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮಾತೆಲ್ಲ ಕೈಯಲ್ಲಿ. ಆ ಮಾತನ್ನು ಯಾರೂ ಕಲಿಸಿದ್ದಲ್ಲ. ಅವಳೂ ಅಮ್ಮನೂ ಚಿಕ್ಕವರಿದ್ದಾಗ ಹೊಳೆಯ ದಡದಲ್ಲಿ ಆಪು ಹುಲ್ಲು ಕೊಯ್ಯುತ್ತ ಕಟ್ಟಿಕೊಂಡದ್ದಂತೆ. ಆ ಆಪಿನಿಂದಲೇ ದೊಡ್ಡಮ್ಮ ಚಾಪೆ ನೇಯುತ್ತಾಳೆ. ನೇಯುವಾಗ ಮಾತಿಲ್ಲ, ಮಾತಾಡಬೇಕೆಂದರೆ ನೇಯ್ಗೆ ನಿಲ್ಲಬೇಕು. ಹಾಗಾಗಿ ನಮ್ಮ ಚಾಪೆಗಳಲ್ಲಿ ಎಲ್ಲಿ ಎಳೆ ಸ್ವಲ್ಪ ಸಡಿಲವಿದೆಯೋ ಅಲ್ಲೊಂದು ಮಾತು ನಡೆದಿದೆ ಎಂದು ತಿಳಿಯಬೇಕು. ಅವಳ ಮಾತಿನಲ್ಲಿ ಬೆರಳ ತುದಿ ನೆಕ್ಕಿದರೆ ಮುದ್ದಪ್ಪ. ಮೂಗಿನ ಮೇಲೆ ಕನ್ನಡಕ ಏರಿಸಿದರೆ ಕಟ್ಟೆಯ ಹಿರಿಯರಾದ ಧರಣಪ್ಪನವರು. ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದರೆ ‘ಅಂತೆ’. ಹೌದು, ಅವಳ ಕೈಗೂ ಅದೇ ಕಟ್ಟು. ಕಾಣದ್ದನ್ನು ಹೆಬ್ಬೆರಳಿಲ್ಲದೆ ಹೇಳಹೋದರೆ ಅವಳ ಬೆರಳುಗಳು ನಡುವೆಯೇ ಮರಗಟ್ಟಿ ನಿಲ್ಲುತ್ತವೆ. ಇದನ್ನು ಕಂಡವಳು ಊರಿನಲ್ಲಿ ನಾನೊಬ್ಬಳೇ.

ಅವಳ ಕೈಯಲ್ಲಿ ನನ್ನ ಹೆಸರೇ ಬೇರೆ. ಎಡ ಅಂಗೈ ಚಾಚಿ ಬಲಗೈಯಿಂದ ತಟ್ಟಿ, ಎರಡೂ ಭುಜ ಒಮ್ಮೆ ಕುಣಿಸುತ್ತಾಳೆ. ರೊಟ್ಟಿ ತಟ್ಟುವುದು, ಆಮೇಲೆ ಕುಣಿಯುವುದು. ರೊಟ್ಟಿಗಾಗಿ ಕುಣಿಯುವವಳು ಎಂದು ನಾನು ಚಿಕ್ಕಂದಿನಲ್ಲೇ ಅರ್ಥ ಮಾಡಿಕೊಂಡಿದ್ದೆ. ನನಗೆ ರೊಟ್ಟಿ ಇಷ್ಟವೂ ಹೌದು. ನನ್ನ ಹುಟ್ಟಿನ ಕಥೆಯನ್ನು ಅವಳು ಎಷ್ಟೋ ಸಲ ಕೈಯಲ್ಲಿ ಹೇಳಿದ್ದಳು, ಒಮ್ಮೆಯೂ ಹೆಬ್ಬೆರಳು ಹಿಂದಕ್ಕೆ ಹೋಗಿರಲಿಲ್ಲ. ಅಂದರೆ ಅವಳು ಕಂಡಿದ್ದಳು.

ನಾನು ಧರಣಪ್ಪನವರ ಜಗಲಿಗೆ ಹೋಗಿ ಇದನ್ನು ಹೇಳಿದೆ. ದೊಡ್ಡಮ್ಮ ಕಂಡಳಂತೆ ಎಂದೆ. ಅವರು ಕೆಟ್ಟವರಲ್ಲ. ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟು, ನಿಧಾನವಾಗಿ, “ಅಂತೆಕಂತೆ ಹೊತ್ಕೊಂಡು ಸಂತೆಗೆ ಹೋಗಬಹುದು ಕಣಮ್ಮ, ಕಟ್ಟೆಗೆ ಬರೋ ಹಾಗಿಲ್ಲ” ಎಂದರು. ಬಾಲ ತೆಗೆದು, ದೊಡ್ಡಮ್ಮ ಕಂಡಳು ಎನ್ನಲು ನೋಡಿದೆ. ಮುಳುಗಿತು. ಅವಳು ಕಂಡದ್ದನ್ನು ನಾನೇನು ಕಂಡಿದ್ದೆನೆ? ಧರಣಪ್ಪನವರು ಮರ್ಯಾದೆಯಿಂದ ತೆಂಗಿನ ಮರದ ಕಡೆ ನೋಡಿದರು.

ಮನೆಗೆ ಬಂದು ದೊಡ್ಡಮ್ಮನನ್ನು ಲಾಂಚಿಗೆ ನನ್ನ ಜೊತೆಯಲ್ಲೇ ಬಾ ಎಂದು ಕರೆದೆ. ಅವಳು ಕೈಯಲ್ಲಿದ್ದ ಆಪಿನ ಕಟ್ಟನ್ನು ಎತ್ತಿ ತೋರಿಸಿ ಮತ್ತೆ ನೆಲಕ್ಕಿಟ್ಟಳು. ಇದು ಬೆಳೆಯುವುದು ಇಲ್ಲಿ. ಆಮೇಲೆ ಬಹಳ ಹೊತ್ತು ನೇಯ್ದಳು, ಅಂದರೆ ಬಹಳ ಹೊತ್ತು ಸುಮ್ಮನಿದ್ದಳು. ಅಮ್ಮ ಹೋದ ಮೇಲೆ ಆ ಭಾಷೆಯಲ್ಲಿ ಉಳಿದವರು ನಾವಿಬ್ಬರೇ. ನಾನೂ ಹೋದರೆ ಒಬ್ಬಳು. ಒಬ್ಬಳೇ ಆಡುವ ಭಾಷೆಯಲ್ಲಿ ಯಾರಿಗೆ ಏನು ಹೇಳುವುದು? ಮೂರು ತಿಂಗಳ ನಂತರ ಅವಳು ಸೌತೆಕಾಯಿ ಬೇಕೆಂದು ಕೇಳಿದರೂ ಊರಿಗೆ ಅದು ನೊಣ ಓಡಿಸುವ ಮುದುಕಿಯ ಕೈಯಾಗಿ ಕಂಡೀತು. ನನಗೆ ಲಾಂಚಿಗಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

ದಾರಿ ತೆರೆದದ್ದು ಸೌತೆಕಾಯಿಯಿಂದಲೇ. ಯುಗಾದಿಗೆ ಎರಡು ವಾರವಿರುವ ಸೋಮವಾರದ ಸಂತೆಯಲ್ಲಿ ನಾವು ಮುದ್ದಪ್ಪನ ಮುಂದೆ ನಿಂತಿದ್ದೆವು. ನನ್ನ ಕಾಲಿಗೆ ಮುಳ್ಳು ಚುಚ್ಚಿತ್ತು. ನಾನು ಬಗ್ಗಿ ಅದನ್ನು ಕೀಳುತ್ತಿದ್ದಾಗ ದೊಡ್ಡಮ್ಮ ನನ್ನ ಬೆನ್ನಿಗೆ ಬಡಿದು, ಕೆರಳಿದ ಜೇನಿನ ಹಾಗೆ ಕೈಯಾಡಿಸತೊಡಗಿದಳು. ಎಂದಿನ ಹಾಗೆ, ದೊಡ್ಡಮ್ಮ ಹೀಗೆ ಹೇಳ್ತಾಳೆ ಮುದ್ದಣ್ಣ, ನೀನು ಹಾಗೆ ಮಾಡಿದೆಯಂತೆ, ಎಂದು ಶುರುಮಾಡಬೇಕಿತ್ತು. ಅವಳ ಸಿಟ್ಟು ನನಗೂ ಹತ್ತಿಕೊಂಡು, ಅವಳ ಕೈ ಹೋದ ಹಾಗೆ ನನ್ನ ಬಾಯಿ ಹೋಯಿತು.

“ನಾನು ನೋಡ್ದೆ ಕಣೋ ಮುದ್ದಪ್ಪ, ಬಾಡಿದ್ದೆರಡನ್ನ ಅಡಿಗೆ ತುರುಕ್ದೆ.”

ಮುದ್ದಪ್ಪ ಮೊದಲು ನೊಂದದ್ದು ಸೌತೆಕಾಯಿಗಲ್ಲ. “ಏನಮ್ಮಿ, ನಿಂಗೆ ನಾನು ಕಣೋ ಆದ್ನಾ? ನಿಮ್ಮಪ್ಪನ ವಯಸ್ಸು ನಂದು” ಎಂದ. ಆಮೇಲೆ ಅವನ ಮುಖದಲ್ಲಿ ಏನೋ ನಿಂತಿತು. ನೀನು ಮುಳ್ಳು ಕೀಳುತ್ತಿದ್ದೆ, ನೀನೆಲ್ಲಿ ನೋಡಿದೆ ಎಂದು ಕೇಳಿದ.  ನಾನು ನೋಡಿರಲಿಲ್ಲ. ನೋಡಿದೆ ಎಂದಿದ್ದೆ. ದನಿ ಬಂದಿತ್ತು. ಕಣೋ ಎಂದದ್ದೂ ನಾನಲ್ಲ. ಅವನನ್ನು ಹುಡುಗನಿದ್ದಾಗಿನಿಂದ ಕಂಡವಳು, ಅವನನ್ನು ಕಣೋ ಎನ್ನುವ ಹಕ್ಕಿದ್ದವಳು, ನನ್ನ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮುದ್ದಪ್ಪ ಬಾಡಿದ ಎರಡು ಕಾಯಿಗಳನ್ನು ತೆಗೆದು ಪಕ್ಕಕ್ಕಿಟ್ಟು, ಒಳ್ಳೆಯ ನಾಲ್ಕನ್ನು ನೆಕ್ಕದೆಯೇ ಹಾಕಿಕೊಟ್ಟ.

ಅಂದು ಮಧ್ಯಾಹ್ನ ದೊಡ್ಡಮ್ಮ ಮಲಗಿದ್ದಾಗ, ನಾನು ಸಾವಿರ ಚಾಪೆ ನೇಯ್ದಿದ್ದೀನಿ ಎಂದು ಹೇಳಿ ನೋಡಿದೆ. ಮುಳುಗಿತು. ಅವಳನ್ನು ಎಬ್ಬಿಸಿ ಅದನ್ನೇ ಕೈಯಲ್ಲಿ ಹೇಳಿಸಿ, ಜೊತೆಗೆ ನಾನೂ ಹೇಳಿದೆ. ದನಿ ಬಂತು. ಅವಳು ಅರ್ಧದಲ್ಲಿ ಕೈ ಇಳಿಸಿದರೆ ನನ್ನ ಗಂಟಲೂ ಅರ್ಧದಲ್ಲಿ ಇಳಿಯುತ್ತಿತ್ತು. ವಿಷಯ ತಿಳಿದ ಮೇಲೆ ಅವಳಿಗೆ ತಡೆಯಲಾರದ ಉತ್ಸಾಹ. ಒಂದೊಂದು ಮಾತು ಆಡುವುದು, ತಟ್ಟನೆ ನನ್ನ ಗಂಟಲ ಮೇಲೆ ಅಂಗೈ ಇಟ್ಟು ಅದು ನಡುಗುತ್ತಿದೆಯೇ ಎಂದು ನೋಡುವುದು. ಅರವತ್ತು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಮಾತನ್ನು ಮುಟ್ಟುತ್ತಿದ್ದಳು. ಬಾಲ್ಯದಲ್ಲಿ ಹೊಳೆಗೆ ಬಿದ್ದದ್ದು, ಅಮ್ಮ ಅವಳ ಜಡೆ ಹಿಡಿದು ಎಳೆದದ್ದು, ಯಾರೋ ಕೊಟ್ಟ ಹಸಿರು ಬಳೆ, ನನ್ನ ಬಾಯಿಂದ ಎಲ್ಲವೂ ನಾನು ನಾನು ಎಂದು ಬಂದವು. ನನ್ನ ಹುಟ್ಟನ್ನೂ ಹೇಳು ಎಂದು ಕೇಳಿದಾಗ ಮಾತ್ರ ಕೈ ಕಟ್ಟಿಕೊಂಡಳು. ಕಟ್ಟೆಯ ಮಾತನ್ನು ಮನೆಯಲ್ಲಿ ಬಾಯಿಗೆ ತಂದು ಎಂಜಲು ಮಾಡಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಕೈಯಲ್ಲಿ ಆಡಿದ್ದಕ್ಕೆ ಎಂಜಲಿಲ್ಲ, ನನ್ನ ಬಾಯಿಗೆ ಉಂಟು.

ಯುಗಾದಿಯ ಹಿಂದಿನ ಸೋಮವಾರ ನಾವಿಬ್ಬರೂ ಕಟ್ಟೆ ಹತ್ತಿದೆವು. ಸಂತೆಯ ದಿನವಾದ್ದರಿಂದ ಮೆಟ್ಟಿಲ ತುಂಬ ಜನ. ಕೆಳಗೆ ಲಾಂಚು ನಿಂತಿತ್ತು, ನನ್ನ ಟ್ರಂಕು ಆಗಲೇ ದಡದಲ್ಲಿತ್ತು. ಕಟ್ಟೆಯ ಬುಡದಲ್ಲಿ ಮುದ್ದಪ್ಪ ತಕ್ಕಡಿ ಇಟ್ಟುಕೊಂಡು ಕೂತಿದ್ದ. ನಾನು ಏನು ಮಾಡಹೊರಟಿದ್ದೇನೆಂದು ವಿವರಿಸಿದೆ. ಧರಣಪ್ಪನವರು ಕನ್ನಡಕ ಏರಿಸಿ ದೊಡ್ಡಮ್ಮನ ಕೈಗಳನ್ನೇ ನೋಡಿದರು.

“ಕೈ ಆಡಿಸಿದ್ದೆಲ್ಲ ಮಾತಾಗತ್ತೇನಮ್ಮ? ಗಾಳಿಗೆ ಎಲೆಯೂ ಆಡತ್ತೆ.”

ನಾನು ಅದನ್ನು ದೊಡ್ಡಮ್ಮನಿಗೆ ಕೈಯಲ್ಲಿ ಹೇಳಿದೆ. ಅವಳು ನಕ್ಕಳು. ಅವಳ ಕೈ ಎದ್ದಿತು, ಜೊತೆಗೆ ನನ್ನ ದನಿ.

“ನನ್ ಕಣ್ಣಿಗೆ ನಿಮ್ಮೆಲ್ಲರ ತುಟಿ ಆಡೋದೂ ಎಮ್ಮೆ ಮೆಲುಕು ಹಾಕಿದ ಹಾಗೇ ಕಾಣೋದು, ಧರಣಪ್ಪ. ಅದು ಮಾತು ಅಂತ ಅರವತ್ತು ವರ್ಷದಿಂದ ನಂಬ್ಕೊಂಡು ಬಂದಿದೀನಲ್ಲ.”

ಮೆಟ್ಟಿಲುಗಳ ಮೇಲೆ ನಗೆ ಹರಿಯಿತು. ಧರಣಪ್ಪನವರು ನಗಲಿಲ್ಲ, ಆದರೆ ದನಿ ಬಂದದ್ದನ್ನು ಅವರು ಗಮನಿಸಿದ್ದನ್ನು ನಾನು ಕಂಡೆ. ಅವರು ನಾಟಕ ಕಂಪನಿಯನ್ನು ನೆನಪಿಸಿದರು. ಆ ಕಿರೀಟದವನೂ ನಾನು ಎಂದಿದ್ದ, ಮುಳುಗಿದ. ಇನ್ನೊಬ್ಬರ ‘ನಾನು’ ತೊಟ್ಟು ಆಡುವುದು ಈ ಊರಿನಲ್ಲಿ ಆಗದ ಕೆಲಸ. ಇವತ್ತು ಈ ಒಂದು ಮಾತು ಬಂದಿದೆ, ಅದು ತುಟಿಯನ್ನೂ ಎಮ್ಮೆಯನ್ನೂ ಇಬ್ಬರೂ ನೋಡಿರುವುದರಿಂದ ಬಂದಿರಬಹುದು. ಹುಟ್ಟಿನ ಮಾತು ಹಾಗಲ್ಲ. ಅವರು ಹೇಳಿದ್ದು ತಪ್ಪೇನಲ್ಲ.  ಕೆಳಗಿನಿಂದ ಮುದ್ದಪ್ಪ ಎದ್ದು ನಿಂತ.

“ಆ ಅರಸ ಎಲ್ಲಿದ್ದ ಸ್ವಾಮಿ? ಇವ್ಳು ಇಲ್ಲೇ ನಿಂತವ್ಳಲ್ಲ.”

 ಧರಣಪ್ಪನವರು, ಸರಿ, ಹೇಳಲಿ, ಆದರೆ ಸಾಕ್ಷಿಯ ಮಾತು ಒಮ್ಮೆ ಮುಳುಗಿದರೂ ಕಟ್ಟೆ ಇಳಿಯಬೇಕು, ಅದು ಎಲ್ಲರಿಗೂ ಇರುವ ನಿಯಮ ಎಂದರು.

ದೊಡ್ಡಮ್ಮ ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಅವಳ ಕೈಯಿಂದ ಕಣ್ಣು ಕೀಳಲಿಲ್ಲ. ನಾನು ನನ್ನ ತಂಗಿಯ ತಲೆಯ ಹತ್ತಿರ ಕೂತಿದ್ದೆ ಎಂದೆ. ದನಿ ಬಂತು. ಅವಳು ನನ್ನ ತೋಳು ಕಚ್ಚಿದಳು ಎಂದೆ. ದೊಡ್ಡಮ್ಮ ರವಿಕೆಯ ತೋಳು ಸರಿಸಿ ಅರ್ಧಚಂದ್ರದ ಗುರುತನ್ನು ಜನರಿಗೆ ತೋರಿಸಿದಳು. ಕಿಟಕಿಯಾಚೆ ಜನ ಬುಟ್ಟಿ ಹೊತ್ತುಕೊಂಡು ಸಾಲಾಗಿ ಹೊಳೆಯ ಕಡೆ ಹೋಗುತ್ತಿದ್ದರು ಎಂದೆ. ಹಾಗಾದರೆ ಅದು ಸಂತೆಯಿರಬೇಕು, ಸೋಮವಾರವಿರಬೇಕು, ಎಂದು ಯಾರೋ ಒಬ್ಬರು ಗಟ್ಟಿಯಾಗಿ ಲೆಕ್ಕ ಹಾಕಿದರು. ಪಕ್ಕದ ಮನೆಯವರು ಹೇಳಿ ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಬುಧವಾರ ಅಲ್ಲೇ ಸತ್ತಿತು. ಆ ಬುಟ್ಟಿಗಳನ್ನು ದೊಡ್ಡಮ್ಮನ ಕೈಯಲ್ಲಿ ಎಷ್ಟೋ ಸಲ ಕಂಡೂ ನಾನು ಲೆಕ್ಕ ಹಾಕಿರಲಿಲ್ಲ. ಬಾಲ ಕಟ್ಟಿದ್ದರಿಂದ ಆ ಬುಧವಾರ ಒಮ್ಮೆಯೂ ಮುಳುಗಿರಲಿಲ್ಲ. ಮುಳುಗದೆ ಇಪ್ಪತ್ತು ವರ್ಷ ತೇಲಿಕೊಂಡಿತ್ತು, ಅಷ್ಟೆ.

ಮಗು ಬಂತು, ಅದರ ಬಣ್ಣ ನೇರಳೆ ಹಣ್ಣಿನದು, ಬಾಯಿ ತೆರೆಯಲಿಲ್ಲ ಎಂದೆ. ದನಿ ಬಂತು. ಪುಟ್ಟನಂಜಮ್ಮ ಮಗುವನ್ನು ತಲೆಕೆಳಗು ಹಿಡಿದಳು, ಆಗಲೂ ತೆರೆಯಲಿಲ್ಲ ಎಂದೆ.  ಆಗ ದೊಡ್ಡಮ್ಮ ಎಡ ಅಂಗೈ ಚಾಚಿ ಬಲಗೈಯಿಂದ ತಟ್ಟಿದಳು. ಆಗ ನಾನು ರೊಟ್ಟಿ ತಟ್ಟಿದೆ ಎಂದೆ.

ಕೇಳಿಸಲಿಲ್ಲ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ನನ್ನ ಬಾಯಿಂದ ಬಂದದ್ದು ಬರಿಯ ಉಸಿರು. ಮುನ್ನೂರು ಜನ ಒಟ್ಟಿಗೆ ಮುಖ ತಿರುಗಿಸಿದರು. ಊರಿನ ಮರ್ಯಾದೆ ನನಗೆ ಯಾವತ್ತೂ ಅಷ್ಟು ಭಾರವಾಗಿರಲಿಲ್ಲ. ಕೆಳಗೆ ಲಾಂಚಿನವನು ನನ್ನ ಟ್ರಂಕಿನ ಹಿಡಿಗೆ ಕೈ ಹಾಕಿದ.

ಧರಣಪ್ಪನವರು ಎದ್ದರು. ಇಳಿಯಿರಿ ಎನ್ನಲು ಅವರ ಬಾಯಿ ತೆರೆದಿತ್ತು. ಆದರೆ ಎಲ್ಲರೂ ಮುಖ ತಿರುಗಿಸಿದಾಗ ಕಟ್ಟೆಯ ಹಿರಿಯರು ಮಾತ್ರ ತಿರುಗಿಸುವ ಹಾಗಿಲ್ಲ. ಅವರು ನೋಡುತ್ತಿರಬೇಕು, ಅದು ಅವರ ಕೆಲಸ. ಅವರು ನೋಡುತ್ತಿದ್ದರು. ದೊಡ್ಡಮ್ಮನ ಕೈಗಳು ನಿಂತಿರಲಿಲ್ಲ. ಅವಳು ಅದೇ ಮಾತನ್ನು ಮತ್ತೆ, ಇನ್ನೂ ಜೋರಾಗಿ, ಹಠದಿಂದ ಆಡುತ್ತಿದ್ದಳು. ಅಂಗೈ, ಪೆಟ್ಟು, ಭುಜ. ಅಂಗೈ, ಪೆಟ್ಟು, ಭುಜ. ಧರಣಪ್ಪನವರು ಜನರ ಕಡೆ ತಿರುಗಿದರು.

“ಮುಳುಗಿದ್ದು ಹುಡುಗಿ ಮಾತು. ಸಾಕ್ಷಿ ಇನ್ನೂ ಹೇಳ್ತಾ ಇದ್ದಾಳೆ. ಎಲ್ಲ ಕೂತ್ಕೊಳ್ಳಿ.”

ಅವರೂ ಕೂತರು. ದೊಡ್ಡಮ್ಮ ನನ್ನನ್ನು ನೋಡಿದ ನೋಟ ನಾನು ಎಳೆ ತಪ್ಪಿಸಿದಾಗ ಚಾಪೆಯನ್ನು ನೋಡುವ ನೋಟ. ಎದ್ದಳು. ಕಟ್ಟೆಯಿಂದ ಕೆಳಗೆ ಬಾಗಿ, ಮುದ್ದಪ್ಪನ ತಕ್ಕಡಿಯ ಒಂದು ತಟ್ಟೆಯನ್ನು ಸರಪಳಿಯ ಕೊಕ್ಕೆಯಿಂದ ಬಿಡಿಸಿಕೊಂಡಳು. ಅವನು ಕೇಳದೆಯೇ ಒಂದು ತೂಕದ ಕಲ್ಲನ್ನೂ ಎತ್ತಿ ಕೊಟ್ಟ. ಅವಳು ತಟ್ಟೆಯನ್ನು ಎಡಗೈಯಲ್ಲಿ ಭುಜದೆತ್ತರಕ್ಕೆ ಹಿಡಿದು ಕಲ್ಲಿನಿಂದ ಬಡಿದಳು. ಹಿತ್ತಾಳೆಯ ಸದ್ದು ಹೊಳೆಯ ಮೇಲೆ ಹೋಗಿ ಹಿಂದಿರುಗಿ ಬಂತು. ಮೊದಲ ಮೆಟ್ಟಿಲಲ್ಲಿ ತಾಯಿಯ ಹೆಗಲ ಮೇಲೆ ನಿದ್ದೆಹೋಗಿದ್ದ ಕೂಸೊಂದು ಬೆಚ್ಚಿ, ಎರಡೂ ಭುಜ ಕುಣಿಸಿ, ಬಾಯಿ ತೆರೆದು ಅತ್ತಿತು. ದೊಡ್ಡಮ್ಮ ಕಲ್ಲಿನಿಂದಲೇ ಆ ಕೂಸಿನ ಭುಜವನ್ನು ತೋರಿಸಿದಳು. ಆಮೇಲೆ ನನ್ನನ್ನು.

ಹುಟ್ಟಿದ ಕೂಸು ಅಳದಿದ್ದರೆ ಅದರ ಪಕ್ಕದಲ್ಲಿ ತಟ್ಟೆ ಬಡಿಯುತ್ತಾರೆ. ನಮ್ಮೂರಿನ ಯಾರಿಗೆ ಗೊತ್ತಿಲ್ಲ ಅದು? ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಅವಳು ನನ್ನನ್ನು ಕರೆದಿದ್ದಳು, ನಾನು ಪ್ರತಿ ಸಲವೂ ರೊಟ್ಟಿ ಎಂದು ಓಗೊಟ್ಟಿದ್ದೆ. ರೊಟ್ಟಿ ತಟ್ಟುವ ಕೈ ತಿರುಗುತ್ತದೆ, ಈ ಕೈ ತಿರುಗುವುದಿಲ್ಲ. ಅವಸರಕ್ಕೆ ತಿರುಗಿಸುವುದಿಲ್ಲ, ಹುಟ್ಟಿನ ಕಥೆಯಲ್ಲಿ ಅದು ಬಾಣಂತಿಗೆ ತಟ್ಟಿದ ರೊಟ್ಟಿ ಎಂದುಕೊಂಡಿದ್ದೆ.

ಅವಳು ತಟ್ಟೆಯನ್ನು ಕೆಳಗಿಟ್ಟು, ಕೂತು, ಮೊದಲಿನಿಂದ ಹೇಳಿದಳು. ನಾನೂ ಹೇಳಿದೆ.

“ಪುಟ್ಟನಂಜಮ್ಮ ತಟ್ಟೆ ನನ್ ಕೈಗೆ ಕೊಟ್ಟಳು. ನಾನು ಬಡಿದೆ. ನಂಗೆ ಏನೂ ಕೇಳಿಸಲಿಲ್ಲ. ಇನ್ನೂ ಬಡಿದೆ. ಮಗು ಬೆಚ್ಚಿತು. ಕೇಳಿಸೋದು ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ. ಅವಳಿಗೆ ಕೇಳಿಸಿದ್ದನ್ನ ನಾನು ಕಂಡೆ.”

ಒಂದೊಂದು ಮಾತೂ ತಕ್ಕಡಿಯ ತಟ್ಟೆಗಿಂತ ಗಟ್ಟಿಯಾಗಿ ಬಂತು. ಮುನ್ನೂರು ಮುಖಗಳು ಒಂದೊಂದಾಗಿ ನಮ್ಮ ಕಡೆ ಮರಳಿದವು. ಉಳಿದದ್ದು ಕೊನೆಯ ಮಾತು. ದೊಡ್ಡಮ್ಮ ತೋರುಬೆರಳನ್ನು ನನ್ನ ಕಡೆ ಚಾಚಿದಳು. ನಾನೂ ನನ್ನ ತೋರುಬೆರಳನ್ನು ನನ್ನ ಎದೆಯ ಮೇಲಿಟ್ಟುಕೊಂಡೆ.

“ಇವಳು ಈ ಊರಲ್ಲಿ ಹುಟ್ಟಿದಳು. ನಾನು ಕಂಡೆ.”

ಅಷ್ಟು ದೊಡ್ಡ ದನಿ ನನ್ನ ಗಂಟಲಲ್ಲಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತಂತೆ. ಲಾಂಚಿನವನು ಟ್ರಂಕಿನಿಂದ ಕೈ ತೆಗೆದ.

ಜನ ಕೂಗುತ್ತಿದ್ದರು. ದೊಡ್ಡಮ್ಮ ಅವರ ತೆರೆದ ಬಾಯಿಗಳನ್ನು ನೋಡಿದಳು, ಏನಾಯಿತು ಎಂದು ನನ್ನನ್ನು ಕೇಳಿದಳು. ನಾನು ಉತ್ತರಿಸುವ ಮೊದಲೇ ಮುದ್ದಪ್ಪ ಎದ್ದು ನಿಂತು, ಎಡ ಅಂಗೈಯನ್ನು ಭುಜದೆತ್ತರಕ್ಕೆ ಹಿಡಿದು, ಬಲಗೈಯಿಂದ ಬಡಿದು, ಎರಡೂ ಭುಜ ಕುಣಿಸಿದ. ನನ್ನನ್ನು ಕರೆದ. ಅವನ ಹಿಂದಿನ ಮೆಟ್ಟಿಲಿನವರು ಅದನ್ನು ನೋಡಿ ಕರೆದರು. ಅವರ ಹಿಂದಿನವರು, ಅವರ ಹಿಂದಿನವರು. ಬುಟ್ಟಿ ಇಳಿಸಿ ಕರೆದರು, ಮಕ್ಕಳನ್ನು ಕಂಕುಳಿನಿಂದ ಇಳಿಸಿ ಕರೆದರು. ಬೆಳಿಗ್ಗೆ ಇಬ್ಬರು ಆಡುತ್ತಿದ್ದ ಭಾಷೆಯಲ್ಲಿ ಈಗ ಒಂದು ಊರು ನನ್ನ ಹೆಸರು ಹಿಡಿದು ಕೂಗುತ್ತಿತ್ತು, ದೊಡ್ಡಮ್ಮನಿಗೆ ಅದು ಪೂರ್ತಿ ಕೇಳಿಸುತ್ತಿತ್ತು. ಲಾಂಚು ಸೀಟಿ ಹಾಕಿ, ನನ್ನ ಟ್ರಂಕನ್ನು ದಡದಲ್ಲೇ ಬಿಟ್ಟು ಹೊರಟಿತು.

ದೊಡ್ಡಮ್ಮ ಕಣ್ಣೊರೆಸಿಕೊಂಡು ಆ ಕೈಗಳ ಮೇಲೆಲ್ಲ ನೋಟ ಹಾಯಿಸಿದಳು. ಆಮೇಲೆ ಒಂದು ಕಡೆ, ತಟ್ಟುತ್ತ ತಿರುಗುತ್ತಿದ್ದ ಒಂದು ಅಂಗೈ ಕಂಡು, ಅವಳ ಹುಬ್ಬು ಗಂಟಾಯಿತು. ಅವಳ ಕೈ ಎದ್ದಿತು. ನಾನು ಹಿಂದೆಮುಂದೆ ನೋಡದೆ, ಅವಳ ದನಿಯಲ್ಲಿ, ಊರೆಲ್ಲ ಕೇಳುವ ಹಾಗೆ ಹೇಳಿದೆ.

“ಧರಣಪ್ಪ, ಅದು ರೊಟ್ಟಿ ಕಣೋ.”

ಎಪ್ಪತ್ತು ವರ್ಷದ ಆ ಮನುಷ್ಯನನ್ನು ಕಟ್ಟೆಯ ಮೇಲೆ ಯಾರೂ ಹಾಗೆ ಕರೆದಿರಲಿಲ್ಲ. ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಎಡ ಅಂಗೈಯನ್ನು ಭುಜದೆತ್ತರಕ್ಕೆ ಹಿಡಿದರು, ತಿರುಗದ ಹಾಗೆ ಬಿಗಿ ಮಾಡಿಕೊಂಡರು, ಬಲವಾಗಿ ಬಡಿದರು, ಮತ್ತು ಆಗಷ್ಟೇ ಹುಟ್ಟಿದವರ ಹಾಗೆ ಬೆಚ್ಚಿದರು.